ಭಾನುವಾರ ಸಂತೆ, ಸೋಮವಾರ ಪಾರ್ಕಿಂಗ್

ಶನಿವಾರದ ರಾತ್ರಿ ಪಾಳಿ ಮುಗಿದರೆ ನಾನು ಸೀದಾ ಮನೆಗೆ ಹೋಗುವುದಿಲ್ಲ ಮಾರಾಯ್ರೆ. ಕಣ್ಣು ಎಳೆಯುತ್ತಿದ್ದರೂ ವೆಲ್ಲಿಂಗ್ಟನ್ನಿನ ಹಾರ್ಬರ್‌ಸೈಡ್ ಮಾರ್ಕೆಟಿಗೆ ಹೋಗಿ ಒಂದು ಚೀಲ ತರಕಾರಿ ತಂದೇ ಮಲಗುವುದು. ಟೆ ಪಾಪಾ ಮ್ಯೂಸಿಯಮ್ಮಿನ ಪಕ್ಕ, ಸಮುದ್ರದ ಬದಿಯಲ್ಲೇ ಉಂಟು. ಗಾಳಿ ಎಂಥದ್ದು ಅಂದರೆ, ಕೊತ್ತಂಬರಿ ಕಟ್ಟನ್ನು ಗಟ್ಟಿ ಹಿಡಿಯದಿದ್ದರೆ ಅದು ನೀರಿಗೇ! ದಡಕ್ಕೆ ಕಟ್ಟಿದ ದೋಣಿಯಿಂದಲೇ ಮೀನು ಮಾರುತ್ತಾರೆ. ಗರ್ನಾರ್ಡ್, ತಾರಕಿಹಿ ಎಲ್ಲ ಸಿಗುತ್ತದೆ. ಬಂಗುಡೆಯ ರುಚಿ ಕೇಳಬೇಡಿ, ಅದು ಊರಲ್ಲೇ.

ಇಲ್ಲಿ ಸೂಪರ್‌ಮಾರ್ಕೆಟ್ ವ್ಯಾಪಾರ ಹೆಚ್ಚುಕಡಿಮೆ ಎರಡು ಗುಂಪುಗಳ ಕೈಯಲ್ಲಿ. ಸ್ಪರ್ಧೆ ಸರಿಯಾಗಿ ನಡೆಯುತ್ತಿಲ್ಲ ಎಂದು 2022ರಲ್ಲಿ ಇಲ್ಲಿನ ಕಾಮರ್ಸ್ ಕಮಿಷನ್ನೇ ಹೇಳಿತು. ಹಾಗಾಗಿ ಸಂತೆ ನಮಗೆ ಶೋಕಿಯಲ್ಲ, ತಿಂಗಳ ಲೆಕ್ಕ.

ಈಗ ಹೇಳಬೇಕಾದ ವಿಷಯ. ಮೊನ್ನೆ ನಮ್ಮ ಹೈಸ್ಕೂಲ್ ಗ್ರೂಪಿನಲ್ಲಿ ಮಂಗಳೂರಿನ ಸೆಂಟ್ರಲ್ ಮಾರ್ಕೆಟಿನ ಮಾತು ಬಂತು. 2020ರಲ್ಲಿ ಕೊರೊನಾ ಸಮಯದಲ್ಲಿ ಅದನ್ನು ಮುಚ್ಚಿ, ಸಗಟು ವ್ಯಾಪಾರಿಗಳನ್ನು ಬೈಕಂಪಾಡಿಯ ಎಪಿಎಂಸಿಗೆ ಕಳಿಸಿದರಲ್ಲ, ಆಮೇಲೆ ಹಳೆ ಕಟ್ಟಡವನ್ನೂ ಕೆಡವಿದರು. "ಒಳ್ಳೆಯದೇ ಆಯ್ತು, ಗಲೀಜು ಹೋಯ್ತು, ಇನ್ನು ಮಹಡಿ ಮೇಲೆ ಮಹಡಿ, ಪಾರ್ಕಿಂಗ್ ಎಲ್ಲ ಬರ್ತದೆ" ಎಂದು ಅರ್ಧ ಜನ ಚಪ್ಪಾಳೆ ತಟ್ಟಿದ್ದಾರೆ.

ಹಳೆಯದು ಹಾಗೇ ಇರಬೇಕಿತ್ತು ಎಂದು ನಾನು ಹೇಳುವುದಿಲ್ಲ. ಜಾರುವ ನೆಲ, ಕಟ್ಟಿಕೊಂಡ ಚರಂಡಿ ಯಾವ ಸಂತೆಗೂ ಬೇಡ. ಬಿದ್ದು ಸೊಂಟ ಮುರಿದುಕೊಂಡ ಅಜ್ಜಿಯರನ್ನು ವಾರ್ಡಿನಲ್ಲಿ ಎಬ್ಬಿಸಿ ನಡೆಸುವವಳು ನಾನೇ. ಆದರೆ ಗಲೀಜು ತೆಗೆಯುವುದು ಬೇರೆ, ಮಾರುವವರನ್ನೇ ತೆಗೆಯುವುದು ಬೇರೆ.

ಹಾರ್ಬರ್‌ಸೈಡ್ ಸಂತೆಗೆ ಮಹಡಿ ಬಿಡಿ, ಮಾಡೇ ಇಲ್ಲ. ಯಾವುದೋ ಒಂದು ರೂಪದಲ್ಲಿ ಅದು 1920ರಿಂದ ನಡೆದು ಬಂದಿದೆಯಂತೆ. ಜಾಗ ಅಂದರೆ ಕಾರ್ ಪಾರ್ಕಿಂಗ್, ಅಷ್ಟೇ. ಬೆಳಿಗ್ಗೆ ವ್ಯಾನುಗಳು ಬರುತ್ತವೆ, ಟೆಂಟು ಏಳುತ್ತದೆ, ಮಧ್ಯಾಹ್ನ ಒಂದೋ ಎರಡೋ ಗಂಟೆಗೆ ಎಲ್ಲ ಖಾಲಿ. ಸೋಮವಾರ ಅಲ್ಲಿ ಕಾರು ನಿಂತಿರುತ್ತದೆ. ಬೇಕಾದದ್ದು ಜಾಗ, ಹೊತ್ತು, ಗುಡಿಸುವ ವ್ಯವಸ್ಥೆ. ಕೋಟಿಗಟ್ಟಲೆ ಸಿಮೆಂಟು ಆಮೇಲೆ ನೋಡಿದರಾಯ್ತು.

ಬುಟ್ಟಿ ಹೊತ್ತು ಮೊದಲ ಬಸ್ಸಿಗೆ ಬರುವ ಹೆಂಗಸಿಗೆ ಎರಡನೇ ಮಹಡಿಯಲ್ಲಿ ಅಂಗಡಿ ಕೊಟ್ಟರೆ ಬಾಡಿಗೆ ಕಟ್ಟುವುದು ಯಾರು, ಹತ್ತಿ ಬಂದು ಬಸಳೆ ಕೊಳ್ಳುವುದು ಯಾರು? ನಮ್ಮಲ್ಲಿ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯೇ ಉಂಟು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳದ್ದೇ ಶೇ. 40ಕ್ಕೆ ಕಡಿಮೆಯಿಲ್ಲದ ಪಾಲು ಇರಬೇಕು, ಅದರಲ್ಲಿ ಮೂರನೇ ಒಂದು ಹೆಂಗಸರು. ಗ್ರೂಪಿನಲ್ಲಿ ಚಪ್ಪಾಳೆ ತಟ್ಟಿದವರು ಇದನ್ನೊಮ್ಮೆ ಓದಿ, ಕಾರ್ಪೊರೇಟರ್ ಎದುರು ಸಿಕ್ಕಾಗ ಕೇಳಿ.

ಅಮ್ಮಾ, ನೀನು ಮುಂದಿನ ವಾರ ಹಂಪನಕಟ್ಟೆಗೆ ಹೋಗುತ್ತೀಯಲ್ಲ, ನಮಗೆ ಯಾವಾಗಲೂ ಒಂದು ಕಟ್ಟು ಹೆಚ್ಚು ಹಾಕುತ್ತಿದ್ದ ಆ ಬಸಳೆ ಅಕ್ಕ ಈಗ ಎಲ್ಲಿ ಕೂರುತ್ತಾರೆ ಅಂತ ವಿಚಾರಿಸಿ ಫೋನ್ ಮಾಡು.