ಗೋದಾಮಿನ ತೊಲೆಗೂ ತೂಕದ ಲೆಕ್ಕ ಬೇಡವೇ?

ನಮ್ಮ ಕಡೆ ಈಗ ಎಲ್ಲಿ ನೋಡಿದರೂ ಗೋದಾಮಿನ ಮಾತು. 2020ರಲ್ಲಿ ಕೇಂದ್ರ ಸರ್ಕಾರ ಕೃಷಿ ಮೂಲಸೌಕರ್ಯ ನಿಧಿ ಅಂತ ತಂದಿತು. 2 ಕೋಟಿ ರೂಪಾಯಿವರೆಗಿನ ಸಾಲಕ್ಕೆ 7 ವರ್ಷದ ತನಕ ಶೇ. 3ರ ಬಡ್ಡಿ ರಿಯಾಯಿತಿ. ಸೊಸೈಟಿಗಳು, ರೈತ ಉತ್ಪಾದಕ ಕಂಪನಿಗಳು ಇದರಲ್ಲಿ ಸಾಲ ಕೇಳಬಹುದು. ಒಳ್ಳೆಯದೇ ಆಯಿತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ರೈತ ಒಂದೇ ಬೆಳೆ ನಂಬಿ ಕೂತವನಲ್ಲ. ರಾಗಿ, ಮುಸುಕಿನ ಜೋಳ, ಆಲೂಗೆಡ್ಡೆ, ಕೊಬ್ಬರಿ ಎಲ್ಲವೂ ಇವೆ. ಕಣದಿಂದಲೇ ಸಿಕ್ಕ ರೇಟಿಗೆ ಮಾರೋದು ತಪ್ಪಬೇಕಾದರೆ ಇಡೋಕೆ ಜಾಗ ಬೇಕೇ ಬೇಕು.

ಆದರೆ ಗೋದಾಮು ನೋಡೋಕೆ ಹೋದವರು ಏನು ನೋಡ್ತಾರೆ? ಮೇಲಿನ ಶೀಟು, ಷಟರು, ನೆಲದ ಕಾಂಕ್ರೀಟು, ಹೊರಗಿನ ಬೋರ್ಡು. ಒಳಗೆ ಮಾಲು ಹೊರುವ ತೊಲೆಯನ್ನು ಕೇಳೋರೇ ಇಲ್ಲ. ಈಗೀಗ ಗೋದಾಮಿಗೆ ಕಬ್ಬಿಣದ ರ‍್ಯಾಕ್ ಹಾಕಿಸುವ ಆಸೆ ಹುಟ್ಟಿದೆ. ಅದೂ ಹೊಸದಲ್ಲ, ಬೆಂಗಳೂರಿನ ಕಂಪನಿಗಳು ಕಳಚಿ ಹಾಕಿದ ಹಳೇ ರ‍್ಯಾಕ್, ಗುಜರಿಯಲ್ಲಿ ಕೆ.ಜಿ. ಲೆಕ್ಕಕ್ಕೆ. ನನ್ನ ತಕರಾರು ಇರೋದು ಇದರ ಮೇಲೆ.

ತೊಲೆ ಆರಿಸೋದು ನಮಗೆ ಹೊಸ ವಿದ್ಯೆ ಏನಲ್ಲ. ಚನ್ನರಾಯಪಟ್ಟಣದ ತೆಂಗಿನ ಸೀಮೆಯಲ್ಲಿ ಕೊಬ್ಬರಿ ಅಟ್ಟ ನೋಡದವರು ಯಾರು? ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಸಿಪ್ಪೆ ಸಮೇತ ಎಂಟು ಹತ್ತು ತಿಂಗಳು ಅಟ್ಟದ ಮೇಲೆ ಇರಬೇಕು. ಇಳಿಸಿದ ಕಾಯಿಗೆ ಒಂದು ಕೆ.ಜಿ. ಅಂತ ಹಿಡಿದರೂ ಐದು ಸಾವಿರ ಕಾಯಿ ಅಂದ್ರೆ 5 ಟನ್. ಅಷ್ಟು ಭಾರದ ಕೆಳಗೆ ಮನೆ ಮಂದಿ, ದನಕರು ಓಡಾಡ್ತಾರೆ. ಅದಕ್ಕೇ ಹಿರಿಯರು ಅಟ್ಟದ ತೊಲೆಗೆ ಕಂಡ ಮರ ಹಾಕ್ತಿರಲಿಲ್ಲ. ಮತ್ತಿ, ಹೊನ್ನೆ, ಬಲಿತ ಹಲಸು ಹುಡುಕೋರು. ಕೆಚ್ಚು ಇರಬೇಕು, ನಟ್ಟನಡುವೆ ಗಂಟು ಇರಬಾರದು, ಹಸಿ ಆರಿರಬೇಕು. ತೆಂಗಿನ ಮರವೇ ಆದರೆ ಮುದಿ ಮರದ ಬುಡದ ಭಾಗ, ಅದರಲ್ಲೂ ಹೊರಗಿನ ಗಟ್ಟಿ ಪದರ. ಒಳಗಿನ ತಿರುಳಿಗೆ ಶಕ್ತಿ ಇಲ್ಲ ಅಂತ ಅವರಿಗೆ ಗೊತ್ತಿತ್ತು.

ಇನ್ನೊಂದು ಗೊತ್ತಿತ್ತು. ತೊಲೆಯನ್ನು ನಿಲ್ಲಿಸಿ ಇಡಬೇಕು, ಮಲಗಿಸಿ ಅಲ್ಲ. ನಾಲ್ಕಿಂಚು ಎರಡಿಂಚಿನ ಪಟ್ಟಿ ತಗೊಳ್ಳಿ. ನಾಲ್ಕಿಂಚು ಎತ್ತರಕ್ಕೆ ಬರುವಂತೆ ನಿಲ್ಲಿಸಿದರೆ ಮಲಗಿಸಿದ್ದಕ್ಕಿಂತ ಎರಡರಷ್ಟು ಭಾರ ತಡೀತದೆ, ಬಾಗೋದು ನಾಲ್ಕರಲ್ಲಿ ಒಂದು ಪಾಲು. ಮರ ಅದೇ, ಖರ್ಚೂ ಅದೇ. ಹತ್ತಡಿ ತೊಲೆ ಹಾಕೋ ಕಡೆ ನಡುವೆ ಕಂಬ ಕೊಟ್ಟು ಐದೈದಡಿಯ ಎರಡು ತೊಲೆ ಹಾಕಿದರೆ ಅಷ್ಟೇ ಚೀಲಕ್ಕೆ ಬಾಗು ಹದಿನಾರರಲ್ಲಿ ಒಂದು ಪಾಲಿಗೆ ಇಳೀತದೆ. ಓಡಾಡೋಕೆ ಅಡ್ಡ ಅಂತ ನಡುಗಂಬ ತೆಗೆಸುವವರು ಈ ಲೆಕ್ಕ ನೆನಪಿಡಬೇಕು. ತೊಲೆ ಮೊದಲು ಲಡ್ಡಾಗೋದು ಗೋಡೆ ಒಳಗೆ ಕೂತ ತುದಿಯಲ್ಲಿ. ಆ ತುದಿಗೆ ಡಾಂಬರು ಬಳಿದು, ಸುತ್ತ ಗಾಳಿಯಾಡೋಕೆ ಸಂದು ಬಿಡಬೇಕು. ವರ್ಷಕ್ಕೊಮ್ಮೆ ಮೊಳೆಯಿಂದ ಚುಚ್ಚಿ ನೋಡಿದರೆ ಗೆದ್ದಲು ಒಳಗೇ ತಿಂದಿದ್ದರೂ ಗೊತ್ತಾಗ್ತದೆ.

ಕಬ್ಬಿಣದ ರ‍್ಯಾಕಿಗೂ ಇದೇ ಶಾಸ್ತ್ರ, ಕೊಂಡಿ ಮಾತ್ರ ಬೇರೆ. ತೂತು ಸಾಲಿರುವ ಕಂಬ, ಆ ತೂತಿಗೆ ಸಿಕ್ಕಿಸುವ ಕೊಕ್ಕೆ ಇರುವ ತೊಲೆ, ಕೊಕ್ಕೆ ಮೇಲೇಳದ ಹಾಗೆ ಒಂದು ಲಾಕ್ ಪಿನ್. ಕೆಳಗಿನಿಂದ ಏನಾದರೂ ತಗುಲಿ ತೊಲೆ ಮೇಲೆದ್ದರೆ ಕೊಕ್ಕೆ ಕಳಚಿ ಆ ಅಂಕಣದ ಮಾಲೆಲ್ಲ ಕೆಳಗೆ. ಪಿನ್ನಿಗೆ ಪುಡಿಗಾಸು. ಗುಜರಿ ಮಾಲಿನಲ್ಲಿ ಮೊದಲು ಕಾಣೆಯಾಗಿರೋದೂ ಅದೇ. ಅದರ ಬದಲು ಬೈಂಡಿಂಗ್ ವೈರ್ ಸುತ್ತಿ ಕೊಡ್ತಾರೆ.

ಒಂದು ಕಂಪನಿಯ ಕೊಕ್ಕೆ ಇನ್ನೊಂದು ಕಂಪನಿಯ ಕಂಬಕ್ಕೆ ಸರಿಯಾಗಿ ಕೂರೋದಿಲ್ಲ. ಗುಜರಿಯಲ್ಲಿ ಎರಡನ್ನೂ ಬೆರೆಸಿ, ಸುತ್ತಿಗೆಯಲ್ಲಿ ಬಡಿದು, ಕೂರದಿದ್ದರೆ ವೆಲ್ಡಿಂಗ್ ಇಟ್ಟು, ಮೇಲೆ ಹೊಸ ಬಣ್ಣ ಹೊಡೀತಾರೆ. ಬಣ್ಣದ ಕೆಳಗೆ ಬಿರುಕು ಇದೆಯೋ ತುಕ್ಕು ಇದೆಯೋ ದೇವರೇ ಬಲ್ಲ. ಒಳ್ಳೆ ರ‍್ಯಾಕಿನ ಮೇಲೆ ಎಷ್ಟು ಭಾರ ಹಾಕಬಹುದು ಅನ್ನೋ ತಗಡು ಇರ್ತದೆ. ಗುಜರಿಗೆ ಬರುವಾಗ ಅದೂ ಹೋಗಿರ್ತದೆ. ಎತ್ತು ಕೊಳ್ಳುವಾಗ ಹಲ್ಲು ನೋಡಿ ಸುಳಿ ನೋಡಿ ನಾಲ್ಕು ಹೆಜ್ಜೆ ನಡೆಸಿ ನೋಡುವ ನಾವು ಇಲ್ಲಿ ಬರೀ ಬಣ್ಣ ನೋಡಿ ದುಡ್ಡು ಎಣಿಸಬೇಕೇ?

ಭಾರದ ತಗಡಿನಲ್ಲೂ ಒಂದು ಮೋಸ ಹೋಗುವ ಜಾಗ ಇದೆ. ಅಲ್ಲಿ ಬರೆದಿರೋದು ಸಾಮಾನ್ಯವಾಗಿ ಮುಂದಿನ ತೊಲೆ, ಹಿಂದಿನ ತೊಲೆ ಎರಡೂ ಸೇರಿ ಹೊರುವ ತೂಕ. 2,000 ಕೆ.ಜಿ. ಅಂತಿದ್ದರೆ ಜೋಡಿಗೆ 2,000. ಒಂದೊಂದಕ್ಕೆ ಅಂದುಕೊಂಡು 4,000 ಹೇರಿದರೆ ಕತೆ ಮುಗೀತು. ರಾಗಿ ಚೀಲ 50 ಕೆ.ಜಿ., ಒಂದು ಪ್ಯಾಲೆಟ್ ಮೇಲೆ 20 ಚೀಲ ಅಂದರೆ ಒಂದು ಟನ್, ಎರಡು ಪ್ಯಾಲೆಟ್ ಇಟ್ಟರೆ ಆ ಜೋಡಿಯ ಶಕ್ತಿ ಅಲ್ಲಿಗೆ ಮುಗಿಯಿತು. ಪ್ಯಾಲೆಟ್ಟಿನ ಮರದ ತೂಕವನ್ನೂ ಸೇರಿಸಿದರೆ ಮೀರಿಯೇ ಹೋಯಿತು. ಮೇಲೆ ‘ಇನ್ನೆರಡು ಮೂಟೆ ಇರಲಿ’ ಅನ್ನೋ ಮಾತು ನಡೆಯೋದಿಲ್ಲ.

ಹಾಗಾದರೆ ರ‍್ಯಾಕೇ ಬೇಡವೇ ಅಂತ ಕೇಳಬಹುದು. ರಾಗಿಗೆ, ಮುಸುಕಿನ ಜೋಳಕ್ಕೆ ಬೇಡ ಅಂತಲೇ ನನ್ನ ಅಭಿಪ್ರಾಯ. ನೆಲದ ಮೇಲೆ ಮರದ ಪ್ಯಾಲೆಟ್ ಹಾಸಿ, ಗೋಡೆಯಿಂದ ಒಬ್ಬ ಮನುಷ್ಯ ಓಡಾಡುವಷ್ಟು ದೂರ ಬಿಟ್ಟು, ಚೀಲಗಳನ್ನು ಇಟ್ಟಿಗೆ ಕಟ್ಟಿದ ಹಾಗೆ ಸಂದಿಗೆ ಸಂದಿ ಬಾರದಂತೆ ಪೇರಿಸಿದರೆ ಸಾಕು. ನಾವು ಚೀಲ ಹೊರಿಸೋದು ಹಮಾಲಿಗಳ ಬೆನ್ನ ಮೇಲೆ. ಫೋರ್ಕ್‌ಲಿಫ್ಟ್ ಇಲ್ಲದ ಗೋದಾಮಿಗೆ ಹದಿನೈದಡಿ ರ‍್ಯಾಕ್ ಯಾಕೆ? ಎತ್ತರಕ್ಕೆ ಹೋದರೆ ಜಾಗ ಉಳೀತದೆ ಅಂತ ನಮ್ಮ ಹುಡುಗರು ಹೇಳ್ತಾರೆ. ನಿಜ, ಆದರೆ ಐವತ್ತು ಕೆ.ಜಿ. ಹೊತ್ತು ಏಣಿ ಹತ್ತೋನು ಯಾರು ಅಂತ ಅವರೇ ಹೇಳಬೇಕು.

ಬಿತ್ತನೆ ಆಲೂಗೆಡ್ಡೆ ಮಾತು ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ಪಂಜಾಬಿನ ಗೆಡ್ಡೆ ಹಾಸನದ ಎ.ಪಿ.ಎಂ.ಸಿ.ಗೆ ಬರ್ತದೆ. ಮಳೆ ಹದ ಆಗೋ ತನಕ ಮೊಳಕೆ ಬರಿಸಿಕೊಂಡು ಕಾಯಬೇಕು. ಮೂಟೆ ಮೇಲೆ ಮೂಟೆ ಒಟ್ಟಿದರೆ ಒಳಗೆ ಕಾವೇರಿ ಕೊಳೀತದೆ. ಗಾಳಿ ಬೆಳಕು ಆಡುವಂತೆ ತೆಳ್ಳಗೆ ಹರಡಬೇಕು, ಒಬ್ಬೊಬ್ಬರ ಮಾಲು ಬೇರೆ ಬೇರೆ ಇರಬೇಕು. ಇದಕ್ಕೆ ಆಳೆತ್ತರದ ಮೂರು ನಾಲ್ಕು ಅಂತಸ್ತಿನ ಅಟ್ಟ ಹೇಳಿ ಮಾಡಿಸಿದ್ದು. ಸಕಲೇಶಪುರ, ಬೇಲೂರು ಕಡೆಯ ಕಾಫಿ ತೋಟದ ಸಿಲ್ವರ್ ಮರದ ತೊಲೆ, ಮೇಲೆ ಅಡಿಕೆ ದಬ್ಬೆ. ನೆಲಕ್ಕೆ ತಾಗುವ ಕಂಬದ ಬುಡ ಕಲ್ಲಿನ ಮೇಲೆ ಕೂರಿಸಿದರೆ ಸಣ್ಣ ರೈತನಿಗೆ ಬೇಕಾದಷ್ಟಾಯಿತು.

ಈಗಾಗಲೇ ಕಬ್ಬಿಣದ ರ‍್ಯಾಕ್ ಹಾಕಿಸಿದವರು ತೆಗೆದು ಬಿಸಾಡಿ ಅಂತ ನಾನು ಹೇಳೋದಿಲ್ಲ, ನೋಡಿಕೊಳ್ಳಿ. ಒಂಬತ್ತಡಿ ತೊಲೆ ಪೂರಾ ಭಾರ ಹೊತ್ತಾಗ ನಡುವೆ ಅರ್ಧ ಇಂಚಿನಷ್ಟು ಬಾಗಬಹುದು, ಅದು ಸಹಜ. ಭಾರ ಇಳಿಸಿದ ಮೇಲೆ ಎರಡು ತುದಿಗೆ ದಾರ ಹಿಡಿದು ನೋಡಿ. ತೊಲೆ ನೇರಕ್ಕೆ ಬಂದಿರಬೇಕು. ಬಾಗು ಉಳಿದಿದ್ದರೆ ಆ ತೊಲೆ ಸತ್ತ ಹಾಗೆ, ಬಡಿದು ನೆಟ್ಟಗೆ ಮಾಡಿ ಮತ್ತೆ ಹಾಕಬಾರದು. ಟ್ರ್ಯಾಲಿ ನುಗ್ಗಿಸೋಕೆ ಅಂತ ಕೆಳಗಿನ ತೊಲೆ ಕಳಚಿ ಇಡ್ತಾರಲ್ಲ, ಅದಂತೂ ಬೇಡವೇ ಬೇಡ. ಆ ತೊಲೆ ಕಂಬವನ್ನು ನಡುವೆ ಹಿಡಿದಿರ್ತದೆ. ಅದನ್ನು ತೆಗೆದರೆ ಕಂಬದ ಶಕ್ತಿಯೇ ಕುಗ್ಗಿ ಮೇಲಿನ ಅಂತಸ್ತುಗಳೆಲ್ಲ ಅಪಾಯಕ್ಕೆ ಬೀಳ್ತವೆ. ಕಂಬದ ಬುಡದ ಬೋಲ್ಟು ಬಿಗಿ ಇರಲಿ. ಗೊಬ್ಬರದ ಚೀಲ ರ‍್ಯಾಕಿನ ಹತ್ತಿರವೂ ಬೇಡ. ಪೊಟ್ಯಾಷ್, ಯೂರಿಯಾ ಚೆಲ್ಲಿ ತೇವ ಎಳೆದುಕೊಂಡರೆ ಕಬ್ಬಿಣ ಬೇಗ ತುಕ್ಕು ಹಿಡೀತದೆ.

ಯೂರೋಪಿನ ಗೋದಾಮುಗಳ ಪದ್ಧತಿಯಲ್ಲಿ ವಾರಕ್ಕೊಮ್ಮೆ ಅಲ್ಲಿನವರೇ ಕಣ್ಣಾಡಿಸಬೇಕು, ವರ್ಷಕ್ಕೊಮ್ಮೆ ಬಲ್ಲವರು ಬಂದು ನೋಡಬೇಕು ಅಂತ ನಿಯಮ ಇದೆ. ನಮ್ಮಲ್ಲಿ ಆ ಕೆಲಸ ಯಾರದು? ಕಾರ್ಯದರ್ಶಿ ಕೇಳಿದರೆ ಹಮಾಲಿ ನೋಡ್ಕೋತಾನೆ ಅಂತಾರೆ. ಹಮಾಲಿಗೆ ಹೇಳಿಕೊಟ್ಟವರು ಇಲ್ಲ.

2023ರ ಮಾರ್ಚಿಯಲ್ಲಿ ಉತ್ತರ ಪ್ರದೇಶದ ಚಂದೌಸಿಯಲ್ಲಿ ಆಲೂಗೆಡ್ಡೆ ಶೀತಗೃಹ ಕುಸಿದು 14 ಜನ ಸತ್ತರು. ಅದೇ ವರ್ಷ ಡಿಸೆಂಬರ್ 4ರಂದು ನಮ್ಮ ವಿಜಯಪುರದಲ್ಲೇ ಒಂದು ಘಟಕದೊಳಗೆ ಮುಸುಕಿನ ಜೋಳದ ಸಂಗ್ರಹ ಕುಸಿಯಿತು. ಚೀಲಗಳ ಅಡಿ ಸಿಕ್ಕಿದ 7 ಜನ ಬಿಹಾರದ ಕೂಲಿಗಳ ಪ್ರಾಣ ಹೋಯಿತು. ಕಾರಣ ಅಲ್ಲಿಗಲ್ಲಿಗೆ ಬೇರೆ ಇರಬಹುದು. ಕೆಳಗೆ ನಿಂತಿದ್ದವರು ಮಾತ್ರ ಎರಡೂ ಕಡೆ ದುಡಿಯೋ ಜನ.

ಸೆಪ್ಟೆಂಬರಿನಲ್ಲಿ ಸೊಸೈಟಿಗಳ ಮಹಾಸಭೆ ಬರ್ತದೆ. ಡಿವಿಡೆಂಡು, ಊಟದ ಮಾತು ಆಡುವ ಮೊದಲು ಎರಡು ವಿಷಯ ನಡಾವಳಿ ಪುಸ್ತಕಕ್ಕೆ ಬರೆಸಿ. ರ‍್ಯಾಕ್ ಮಾರಿದವನಿಂದ ಭಾರದ ಲೆಕ್ಕ ಕಾಗದದ ಮೇಲೆ ಸಹಿ ಸಮೇತ ಪಡೆಯದೆ ಬಿಲ್ಲು ಪಾಸು ಮಾಡಬಾರದು. ಆ ಲೆಕ್ಕವನ್ನು ಕೆ.ಜಿ.ಯಲ್ಲಿ ಅಲ್ಲ, ‘ಒಂದು ಅಂತಸ್ತಿಗೆ ಇಷ್ಟು ಚೀಲ’ ಅಂತ ಕನ್ನಡದಲ್ಲಿ, ಹಮಾಲಿಯ ಕಣ್ಣೆತ್ತರಕ್ಕೆ ಪ್ರತಿ ಸಾಲಿನ ಕಂಬದ ಮೇಲೂ ಬರೆಸಬೇಕು.