ಸೀಸೆಯ ಮೇಲೆ ಯಾರ ಹೆಸರು?

ದ್ರಾಕ್ಷಿ ಬೆಳೆದು ಕೈ ಸುಟ್ಟುಕೊಂಡ ರೈತನಿಗೆ ಈಚೆಗೆ ಎಲ್ಲ ಕಡೆಯಿಂದಲೂ ಒಂದೇ ಉಪದೇಶ: "ಹಣ್ಣು ಯಾಕೆ ಮಾರ್ತೀರಿ? ವೈನ್ ಮಾಡಿ ಮಾರಿ. ಫ್ರಾನ್ಸ್ ದೇಶದ ರೈತರನ್ನು ನೋಡಿ ಕಲೀರಿ." ಒಳ್ಳೆಯದು, ನೋಡೋಣ. ಆದರೆ ನೋಡುವುದಾದರೆ ಪೂರ್ತಿ ನೋಡೋಣ. ನಾನು ಕುಡಿಯುವವನಲ್ಲ. ಕುಡಿತದಿಂದ ಹಾಳಾದ ಮನೆಗಳನ್ನು ನಮ್ಮೂರಲ್ಲೇ ಕಂಡವನು. ಇಲ್ಲಿ ನನ್ನ ಮಾತು ಕುಡಿಯುವುದರ ಬಗ್ಗೆ ಅಲ್ಲ, ಬೆಲೆಯ ಬಗ್ಗೆ.

ಫ್ರಾನ್ಸಿನ ಪೂರ್ವಕ್ಕೆ ಬರ್ಗಂಡಿ ಎಂಬ ಸೀಮೆ ಇದೆ. ಪ್ರಪಂಚದ ಅತಿ ದುಬಾರಿ ವೈನುಗಳಲ್ಲಿ ಕೆಲವು ಅಲ್ಲಿಯವು. ಅವನ್ನು ಮಾಡುವವರಲ್ಲಿ ಬಹಳ ಮಂದಿ ನಮ್ಮ ಹಾಗೇ ಹತ್ತಿಪ್ಪತ್ತು ಎಕರೆಯ ಸಂಸಾರಸ್ಥರು. 1804ರ ನೆಪೋಲಿಯನ್ ಕಾನೂನಿನಿಂದ ಮಕ್ಕಳಿಗೆಲ್ಲ ಸಮಪಾಲು ಬಂತು. ತಲೆಮಾರು ಕಳೆದಂತೆ ಜಮೀನು ಚೂರುಚೂರಾಯಿತು. ಕ್ಲೋ ದ ವೂಜೊ ಎಂಬ ಒಂದೇ ತೋಟ, ಸುತ್ತ ಕಲ್ಲಿನ ಗೋಡೆ, ಸುಮಾರು 50 ಹೆಕ್ಟೇರು. ಹಿಂದೆ ಮಠದ ಸನ್ಯಾಸಿಗಳ ಸ್ವತ್ತಾಗಿದ್ದ ಇದಕ್ಕೆ ಈಗ ಸುಮಾರು 80 ಮಂದಿ ಒಡೆಯರು. ಕೆಲವರ ಪಾಲಿಗೆ ಇರುವುದು ಕೆಲವೇ ಸಾಲು ಬಳ್ಳಿ.

ಇಂಥ ರೈತರು ನೂರು ವರ್ಷದ ಹಿಂದೆ ಏನು ಮಾಡುತ್ತಿದ್ದರು? ಹಣ್ಣು ಹಿಂಡಿ, ರಸ ಹುಳಿಯಿಟ್ಟು, ಪೀಪಾಯಿಯಲ್ಲಿ ತುಂಬಿ ಬೋನ್ ಪಟ್ಟಣದ ದೊಡ್ಡ ವರ್ತಕರಿಗೆ ಹಾಕುತ್ತಿದ್ದರು. ಬೆಲೆ ವರ್ತಕ ಹೇಳಿದ್ದು. ಅಷ್ಟೇ ಆಗಿದ್ದರೆ ಸರಿ. ಅನೇಕ ವರ್ತಕರು ಅದಕ್ಕೆ ದಕ್ಷಿಣದ ಅಗ್ಗದ ವೈನನ್ನೂ ಸಮುದ್ರದಾಚೆಯ ಅಲ್ಜೀರಿಯಾದ ವೈನನ್ನೂ ಬೆರೆಸಿ, ಬರ್ಗಂಡಿಯ ಹೆಸರಾಂತ ಊರುಗಳ ಚೀಟಿ ಅಂಟಿಸಿ ಮಾರುತ್ತಿದ್ದರು. ಹೆಸರು ಊರಿನದು, ಲಾಭ ಮಂಡಿಯವನದು.

1920ರ ದಶಕದಲ್ಲಿ ವೊಲ್ನೆ ಊರಿನ ದಾಂಜೆರ್ವಿಲ್ ಮತ್ತು ನ್ಯೂಯಿ ಪಟ್ಟಣದ ಆನ್ರಿ ಗೂಜ್ ಇದರ ವಿರುದ್ಧ ನಿಂತರು. ದಾಂಜೆರ್ವಿಲ್ ಜಮೀನ್ದಾರ ಮನೆತನದವರು, ಗೂಜ್ ಸ್ವತಃ ತೋಟದಲ್ಲಿ ದುಡಿದವರು. ವರ್ತಕರು ಸುಮ್ಮನಿರುತ್ತಾರೆಯೇ? ಇವರ ವೈನ್ ಕೊಳ್ಳುವುದನ್ನೇ ಬಿಟ್ಟರು. ಆಗ ಇವರು ತಮ್ಮ ಮನೆಯಲ್ಲೇ ಸೀಸೆಗೆ ತುಂಬಿ, ತಮ್ಮದೇ ಹೆಸರು ಹಾಕಿ, ಗಿರಾಕಿಗೆ ನೇರವಾಗಿ ಮಾರಲು ಹೊರಟರು. ಜೆವ್ರೆಯ ಅರ್ಮಾಂಡ್ ರೂಸೊ ಸಹ ಇದೇ ದಾರಿ ಹಿಡಿದರು. ಉತ್ತಮ ವೈನಿನ ಸಣ್ಣ ಮನೆತನಗಳು ಎಂದು ಇವತ್ತು ಯಾವುದನ್ನು ಹೊಗಳುತ್ತಾರೋ ಅದು ಬೆಳೆದದ್ದು ಹೀಗೆ, ಮಂಡಿಯ ಬಹಿಷ್ಕಾರದಿಂದ.

ಕಾನೂನೂ ತಾನಾಗಿ ಬರಲಿಲ್ಲ. 1907ರಲ್ಲಿ ದಕ್ಷಿಣ ಫ್ರಾನ್ಸಿನಲ್ಲಿ ವೈನಿನ ಬೆಲೆ ಪಾತಾಳಕ್ಕಿಳಿದು, ಕಲಬೆರಕೆಯ ವಿರುದ್ಧ ಲಕ್ಷಾಂತರ ರೈತರು ಬೀದಿಗಿಳಿದರು. ಜೂನ್ ತಿಂಗಳಲ್ಲಿ ನಾರ್ಬೋನ್ ಪಟ್ಟಣದಲ್ಲಿ ಸೈನಿಕರ ಗುಂಡಿಗೆ ಜನ ಸತ್ತರು. ಅದೇ ತಿಂಗಳ ಕೊನೆಗೆ ಕಲಬೆರಕೆ ತಡೆಯುವ ಕಾನೂನು ಬಂತು. 1980ರ ನರಗುಂದ, ನವಲಗುಂದಗಳನ್ನು ಬಲ್ಲ ನಮಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ 1935ರ ಕಾನೂನಿನಿಂದ ಯಾವ ಊರಿನ ಹೆಸರನ್ನು ಯಾವ ಜಮೀನಿನ, ಯಾವ ತಳಿಯ ಹಣ್ಣಿಗೆ ಹಾಕಬಹುದು ಎಂದು ಗೊತ್ತುಪಡಿಸಿದರು. ಎಕರೆಗೆ ಇಷ್ಟೇ ಇಳುವರಿ ಎಂದೂ ಕಟ್ಟು ಮಾಡಿದರು.

ಇನ್ನು ಲೆಕ್ಕಕ್ಕೆ ಬನ್ನಿ. ಉಪದೇಶ ಮಾಡುವವರು ಇದನ್ನು ಹೇಳುವುದಿಲ್ಲ. ಬರ್ಗಂಡಿಯ ಮೊದಲ ದರ್ಜೆ ಕೆಂಪು ವೈನಿಗೆ ಹೆಕ್ಟೇರಿಗೆ ಸುಮಾರು 35 ಹೆಕ್ಟೋಲೀಟರ್ ಮಿತಿ. ಅಂದರೆ ಎಕರೆಗೆ ಸುಮಾರು 1,400 ಲೀಟರು, 1,900 ಸೀಸೆ. ಹಣ್ಣಿನ ತೂಕದಲ್ಲಿ ಎರಡು ಟನ್ನಿನ ಆಸುಪಾಸು. ನಮ್ಮ ಬೆಂಗಳೂರು ಬ್ಲೂ ಎಕರೆಗೆ ಹತ್ತು ಟನ್ನಿನ ಮೇಲೆ ಬರುತ್ತದೆ. ಹತ್ತು ಟನ್ ಬಿಟ್ಟು ಎರಡು ಟನ್ ಬೆಳೆಯಬೇಕಾದರೆ ಬೆಲೆ ಎಷ್ಟಿರಬೇಕು, ನೀವೇ ಗುಣಿಸಿ.

ಅದೂ ಕೂಡಲೇ ದುಡ್ಡಾಗುವುದಿಲ್ಲ. ಸೆಪ್ಟೆಂಬರಿನಲ್ಲಿ ಕೈಯಲ್ಲೇ ಗೊಂಚಲು ಕೊಯ್ದು, ಎರಡು ಮೂರು ವಾರ ಹುಳಿಯಿಟ್ಟು, 228 ಲೀಟರಿನ ಓಕ್ ಮರದ ಪೀಪಾಯಿಗೆ ತುಂಬಿ, ವರ್ಷದಿಂದ ಒಂದೂವರೆ ವರ್ಷ ನೆಲಮಾಳಿಗೆಯಲ್ಲಿ ಇಡುತ್ತಾರೆ. ಆರಿದಷ್ಟನ್ನು ಮೇಲಿಂದ ಮೇಲೆ ತುಂಬುತ್ತಿರಬೇಕು. ಒಂದು ಹೊಸ ಪೀಪಾಯಿಗೇ ನಮ್ಮ ಹಣದಲ್ಲಿ ಮುಕ್ಕಾಲು ಲಕ್ಷದ ಮೇಲೆ. ಈ ವರ್ಷ ಕೊಯ್ದ ಹಣ್ಣಿನ ದುಡ್ಡು ಕಾಣುವುದು ಎರಡು ವರ್ಷದ ಮೇಲೆ. ಅಷ್ಟರಲ್ಲಿ ಇನ್ನೊಂದು ಕೊಯ್ಲು ಮನೆಗೆ ಬಂದಿರುತ್ತದೆ, ಅದರ ಖರ್ಚೂ ಬಂದಿರುತ್ತದೆ. ನಡುವೆ 2021ರ ಏಪ್ರಿಲ್‌ನಂತೆ ಹಿಮ ಬಿದ್ದು ಚಿಗುರು ಸುಟ್ಟರೆ ಆ ವರ್ಷದ ಪೀಪಾಯಿಗಳು ಖಾಲಿ.

ನಮ್ಮಲ್ಲಿ ಎರಡು ವರ್ಷ ಬೆಳೆ ಹಿಡಿದಿಟ್ಟುಕೊಳ್ಳುವ ತಾಕತ್ತು ಯಾವ ರೈತನಿಗಿದೆ? ಎರಡು ದಿನಕ್ಕೇ ಇಲ್ಲ. ಒಂದು ಸಲ ಕೊಯ್ಲಿನ ಮುಂದೆ ಮಳೆ ಹನಿದು ನನ್ನ ತೋಟದ ಹಣ್ಣು ಬಿರಿಯಿತು. ವ್ಯಾಪಾರಿ ಬಂದು ನೋಡಿ, "ಗೌಡ್ರೇ, ಆಡಿದ ರೇಟು ಮರೆತುಬಿಡಿ, ಅರ್ಧಕ್ಕಾದರೆ ಕೊಡಿ" ಅಂದ. ಕೊಟ್ಟೆ. ಕೊಡದೆ ಏನು ಮಾಡಲಿ? ಸೊಸೈಟಿ ಸಾಲದ ಕಂತು ಹಣ್ಣು ಮಾಗುವುದಕ್ಕಿಂತ ಮೊದಲೇ ಮಾಗಿತ್ತು.

ಗೆದ್ದ ಬರ್ಗಂಡಿಯವನಿಗೂ ಈಗ ಬೇರೆ ಸಂಕಟ. ವೈನಿನ ಹೆಸರು ಏರಿದಂತೆ ಜಮೀನಿನ ಬೆಲೆ ಆಕಾಶಕ್ಕೇರಿತು. ಅಪ್ಪ ಸತ್ತರೆ ಮಕ್ಕಳು ಆ ಬೆಲೆಯ ಮೇಲೆ ವಾರಸಾ ತೆರಿಗೆ ಕಟ್ಟಬೇಕು. ತೋಟದಲ್ಲಿ ಉಳಿದವನು ಪಟ್ಟಣ ಸೇರಿದ ಅಣ್ಣ, ತಂಗಿಯರ ಪಾಲನ್ನು ಅದೇ ಬೆಲೆಗೆ ಬಿಡಿಸಿಕೊಳ್ಳಬೇಕು. ಆಗದಿದ್ದರೆ ಮಾರಾಟ. 2014ರಲ್ಲಿ ಕ್ಲೋ ದೆ ಲಾಂಬ್ರೆ ತೋಟ ಚೀಲ, ಸೆಂಟು ಮಾರುವ ಎಲ್‌ವಿಎಂಎಚ್ ಕಂಪನಿಗೆ ಹೋಯಿತು. 2017ರಲ್ಲಿ ಕ್ಲೋ ದ ತಾರ್ ಎಂಬ ಏಳೂವರೆ ಹೆಕ್ಟೇರಿನ ತೋಟ ಪಿನೋ ಎಂಬ ಶ್ರೀಮಂತರ ಪಾಲಾಯಿತು. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಸೀಮೆಯ ದ್ರಾಕ್ಷಿ ಚಪ್ಪರಗಳು ಸೈಟುಗಳಾದದ್ದನ್ನು ಕಂಡವರಿಗೆ ಇದು ಅರ್ಥವಾಗುತ್ತದೆ.

ಹಾಗಾದರೆ ವೈನ್ ಬೇಡವೇ? ನಾನು ಹಾಗೆ ಹೇಳುವುದಿಲ್ಲ. ಕರ್ನಾಟಕದಲ್ಲಿ 2007ರಲ್ಲೇ ವೈನ್ ನೀತಿ ಬಂತು. 2013ರಲ್ಲಿ ಬೆಂಗಳೂರು ಬ್ಲೂಗೆ ಭೌಗೋಳಿಕ ಗುರುತೂ ಸಿಕ್ಕಿತು. ಗುರುತಿನ ಕಾಗದ ಕಪಾಟಿನಲ್ಲಿದೆ, ಹಣ್ಣಿನ ಬೆಲೆ ಈಗಲೂ ವ್ಯಾಪಾರಿಯ ಬಾಯಲ್ಲಿದೆ. ಫ್ರಾನ್ಸಿನಲ್ಲಿ ತನ್ನ ಹಣ್ಣಿನಿಂದ ತಾನೇ ವೈನ್ ಮಾಡುವುದನ್ನು ಕಾನೂನು ಬೇಸಾಯವೆಂದೇ ಎಣಿಸುತ್ತದೆ. ಇಲ್ಲಿ ರಸ ಹುಳಿ ಬಂದ ಗಳಿಗೆಯಿಂದ ರೈತ ಅಬಕಾರಿ ಇಲಾಖೆಯ ಬಾಗಿಲು ಕಾಯಬೇಕು.

ಆದ್ದರಿಂದ ಯಂತ್ರಕ್ಕೆ ಸಾಲ ಕೊಡುತ್ತೇವೆ ಎಂದು ಬಂದವರಿಗೆ ನಾವು ಮೂರು ಮಾತು ಕೇಳಬೇಕು. ಸರಕು ಮಾಗುವ ತನಕ ಕಂತು ಕೇಳದ ದಾಸ್ತಾನು ಸಾಲ ಕೊಡುತ್ತೀರಾ? ಸೀಸೆಯ ಮೇಲೆ ಹಣ್ಣು ಬೆಳೆದ ಊರಿನ ಹೆಸರು ಕಡ್ಡಾಯ ಮಾಡಿ, ಬೇರೆ ಹಣ್ಣು ಬೆರೆಸಿದವನನ್ನು ಶಿಕ್ಷಿಸುತ್ತೀರಾ? ವೈನ್ ಮಾಡಲಾಗದೆ ಹಣ್ಣನ್ನೇ ಮಾರುವ ರೈತನಿಗೆ ಕೊಯ್ಲಿಗೆ ಮೊದಲೇ ಬರಹದಲ್ಲಿ ಬೆಲೆ ಗೊತ್ತುಮಾಡಿಸುತ್ತೀರಾ? ಇವಕ್ಕೆ ಹೌದು ಅಂದರೆ ಮಾತ್ರ ಸಾಲದ ಅರ್ಜಿಗೆ ಕೈ ಹಾಕಿ. ಇಲ್ಲವಾದರೆ ಟ್ಯಾಂಕು ತುಕ್ಕು ಹಿಡಿದ ಮೇಲೂ ಜಪ್ತಿ ನೋಟೀಸಿನ ಮೇಲೆ ಇರುವುದು ನಮ್ಮ ಹೆಸರೇ. ಹೆಸರು ಬರಬೇಕಾದದ್ದು ಅಲ್ಲಿ ಅಲ್ಲ, ಸೀಸೆಯ ಮೇಲೆ.