ಕಲೆಯ ಮುಂದಾಳುಗಳು

ಕಲೆಗೆ ಕುಲವಿಲ್ಲವೆಂದು ಲೋಕವು ಹೇಳುತ್ತದೆ. ಆದರೆ ಕಲಾಸಂಸ್ಥೆಗಳ ಹಿರಿಯ ಪೀಠಗಳಿಗೆ ಕುಲವುಂಟು, ಲಿಂಗವುಂಟು, ಓದುಬರಹದ ಅಂತಸ್ತೂ ಉಂಟು. ಕಲೆಯನ್ನು ಉಳಿಸಿದವರು ಅಂಗಳದಲ್ಲಿ ನಿಲ್ಲುವುದೂ, ಅದರ ಮುಂದಿನ ಗತಿಯನ್ನು ತೀರ್ಮಾನಿಸುವವರು ಒಳಗೆ ಕುಳಿತಿರುವುದೂ ಬಹುಕಾಲದ ರೂಢಿ. ಈ ರೂಢಿಯು ನ್ಯಾಯವೇ ಎಂಬುದನ್ನು ಬಳ್ಳಾರಿ ಸೀಮೆಯ ಇಬ್ಬರು ಕಲಾವಿದೆಯರ ಬಾಳನ್ನು ಮುಂದಿಟ್ಟುಕೊಂಡು ವಿಚಾರಿಸಬಹುದು.

ದರೋಜಿಯ ಈರಮ್ಮನವರು ಅಲೆಮಾರಿಗಳಾದ ಬುಡ್ಗಜಂಗಮ ಸಮುದಾಯದಲ್ಲಿ ಜನಿಸಿದರು. ಅಕ್ಷರವನ್ನು ಕಲಿಯದ ಅವರ ನಾಲಗೆಯ ಮೇಲೆ ಕುಮಾರರಾಮನ ಕಥೆಯೇ ಮೊದಲಾದ ಜನಪದ ಮಹಾಕಾವ್ಯಗಳು ನೆಲೆಸಿದ್ದವು. ಹಿಮ್ಮೇಳದ ಹೆಂಗಸರೊಡನೆ ಊರೂರು ತಿರುಗಿ ಅವರು ಬುರ್ರಕಥೆಯನ್ನು ಹಾಡಿದರು. 1999ರಲ್ಲಿ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ದೊರೆಯಿತು. 2014ರಲ್ಲಿ ಅವರು ತೀರಿಕೊಂಡರು.

ಕುರುಗೋಡಿನ ಬಳಿಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿಯವರು ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಿದವರು. ಎಳೆಯ ವಯಸ್ಸಿನಲ್ಲಿಯೇ ಮನೆಯನ್ನು ತೊರೆದು, ಭಿಕ್ಷೆಯ ಬಾಳನ್ನೂ ಕಂಡರು. ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಜೋಗತಿ ನೃತ್ಯವನ್ನು ಕಲಿತು, ಕಾಳವ್ವ ಜೋಗತಿಯವರ ಮೇಳವನ್ನು ಸೇರಿ, ಮುಂದೆ ತಾವೇ ಅದನ್ನು ನಡೆಸಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಪೀಠವನ್ನೇರಿದ ಲಿಂಗಪರಿವರ್ತಿತರಲ್ಲಿ ಅವರೇ ಮೊದಲಿಗರು. 2021ರಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀಯನ್ನು ಸ್ವೀಕರಿಸಿದರು.

ಪ್ರಶಸ್ತಿಯೂ ಪದವಿಯೂ ಒಂದೇ ಅಲ್ಲ. ಪ್ರಶಸ್ತಿಯು ನಡೆದು ಬಂದ ದಾರಿಗೆ ಸಲ್ಲುವ ಗೌರವ. ಪದವಿಯು ಮುಂದೆ ಬರುವವರಿಗೆ ದಾರಿ ಮಾಡಿಕೊಡುವ ಸಾಧನ. ವೃದ್ಧ ಕಲಾವಿದರಿಗೆ ಮಾಸಾಶನವು ಎಷ್ಟು ಅಗತ್ಯವೆಂಬುದನ್ನು ಹಸಿವನ್ನು ಕಂಡವರು ಬೇಗ ಅರಿಯುತ್ತಾರೆ. ಯಾವ ಹಟ್ಟಿಯಲ್ಲಿ ಯಾವ ಹಾಡು ಮರೆಯಾಗುತ್ತಿದೆಯೆಂಬುದೂ ಅವರಿಗೇ ತಿಳಿದಿರುತ್ತದೆ.

ಆಡಳಿತಕ್ಕೆ ಹೆಚ್ಚಿನ ವಿದ್ಯಾಭ್ಯಾಸ ಬೇಡವೇ ಎಂದು ಕೆಲವರು ಕೇಳಬಹುದು. ವಿದ್ಯೆ ಬೇಕು, ನಿಜ. ಆದರೆ ಲೆಕ್ಕಪತ್ರಗಳನ್ನು ಬರೆಯಲು ಗುಮಾಸ್ತರಿದ್ದಾರೆ. ಮೇಳವನ್ನು ಕಟ್ಟಿ, ಒಡೆಯದಂತೆ ಕಾಪಾಡಿ, ಕಿರಿಯರಿಗೆ ಒಪ್ಪಿಸಿದ ಅನುಭವವು ಕಚೇರಿಯಲ್ಲಿ ದೊರೆಯುವಂಥದಲ್ಲ. ಇದು ನಮ್ಮ ನಾಡಿಗಷ್ಟೇ ಸೇರಿದ ಮಾತೂ ಅಲ್ಲ. ಅಮೆರಿಕದ ಕಪ್ಪು ಜನಾಂಗದ ನರ್ತಕಿ ಕ್ಯಾಥರೀನ್ ಡನ್‌ಹಮ್ ಅವರು 1967ರಲ್ಲಿ ಈಸ್ಟ್ ಸೇಂಟ್ ಲೂಯಿಸ್ ಎಂಬ ಬಡ ನಗರದಲ್ಲಿ ಕಲಾ ತರಬೇತಿ ಕೇಂದ್ರವನ್ನು ತೆರೆದು, ಅಲ್ಲಿನ ತರುಣರಿಗೆ ಕಲೆಯ ಬಾಗಿಲನ್ನು ತೆರೆದರು.

ಹಲಕುಂದಿಯಂಥ ಊರಿನ ಜಾತ್ರೆಯಲ್ಲಿ ಕುಣಿದವರಿಗೆ ಕಾಸು ಕೊಟ್ಟು ಕಳುಹಿಸುವುದು ಸುಲಭ; ಸಭೆಯಲ್ಲಿ ಅವರನ್ನು ಕೂರಿಸಿ ಅವರ ಮಾತಿಗೆ ಕಿವಿಗೊಡುವುದು ಕಷ್ಟ. ನಾಡಿನ ಸಂಸ್ಕೃತಿಯನ್ನು ಅಳೆಯಬೇಕಾದುದು ಈ ಕಷ್ಟದ ಕೆಲಸದಿಂದಲೇ.